ಬೀಸಣಿಗೆಯ ಜನ್ಮಸ್ಥಾನ

ವಸ್ತುವಿನ ಹೆಸರಿನೊಡನೆ ಊರಿನ ಹೆಸರನ್ನು ಸೇರಿಸಿ ಹೇಳುವುದು ನಮ್ಮ ಜನರಲ್ಲಿ ಬಹುಕಾಲದಿಂದ ಬಂದಿರುವ ವಾಡಿಕೆ. ಬಾಳೆಯೆಂದರೆ ನಂಜನಗೂಡಿನದು, ಮಲ್ಲಿಗೆಯೆಂದರೆ ಮೈಸೂರಿನದು, ಗೊಂಬೆಯೆಂದರೆ ಚನ್ನಪಟ್ಟಣದ್ದು, ಸೀರೆಯೆಂದರೆ ಇಳಕಲ್ಲಿನದು ಎಂದು ಹಿರಿಯರು ಎಣಿಸುತ್ತಿದ್ದರು. ಈ ವಾಡಿಕೆಯು ನಿರರ್ಥಕವಾದುದಲ್ಲ. ರಸಬಾಳೆಯ ಕಂದನ್ನು ಬೇರೆಯ ಸೀಮೆಗೆ ಒಯ್ದು ನೆಟ್ಟರೆ ಗಿಡವೇನೋ ಬೆಳೆದೀತು. ಆ ಪರಿಮಳವೂ ಆ ರುಚಿಯೂ ಬಾರವೆಂದು ಬೆಳೆಗಾರರು ಹೇಳುತ್ತಾರೆ. ಅಲ್ಲಿ ಮಣ್ಣಿನ ಗುಣವೇ ಹಣ್ಣಿನ ಗುಣವಾಗಿ ಪರಿಣಮಿಸುತ್ತದೆ. ಯಂತ್ರಗಳ ವಿಷಯದಲ್ಲಿಯೂ ಈ ನ್ಯಾಯವು ಸಲ್ಲುವುದೇ ಎಂಬುದೇ ಈ ತಿಂಗಳು ನಾವು ವಿಚಾರಿಸತಕ್ಕ ಪ್ರಶ್ನೆ.

ಪ್ರಶ್ನೆಗೆ ಕಾರಣವಾದುದು ಒಂದು ಅಲ್ಪ ವಸ್ತು. ನಮ್ಮ ಸರಗೂರಿನಂತಹ ಊರಿನಲ್ಲಿಯೂ ಈಗ ಮಕ್ಕಳ ಪಾಠಕ್ಕೆ, ಪಹಣಿಯ ಪ್ರತಿಗೆ, ಅಂಗಡಿಯ ಲೆಕ್ಕಕ್ಕೆ ಕಂಪ್ಯೂಟರೆಂಬ ಗಣಕಯಂತ್ರವು ಬಂದು ನೆಲೆಸಿದೆ. ಅದರ ಹೊಟ್ಟೆಯೊಳಗೆ ಶಾಖವನ್ನು ತಗ್ಗಿಸುವ ಸಣ್ಣದೊಂದು ಬೀಸಣಿಗೆಯುಂಟು. ಬೇಸಗೆಯಲ್ಲಿ ಅದು ಕೆಟ್ಟು ನಿಂತರೆ ಹೊಸದನ್ನು ತರಲು ಮೈಸೂರಿಗೆ ಹೋಗಬೇಕು. ಹಾಗೆ ಹೋಗಿಬಂದ ಗೃಹಸ್ಥರೊಬ್ಬರು, “ಅಂಗಡಿಯವನು ಎರಡನ್ನು ತೋರಿಸಿದನು. ಒಂದರ ಮೇಲೆ ತೈವಾನ್ ಎಂದಿತ್ತು, ಇನ್ನೊಂದರ ಮೇಲೆ ಚೀನಾ ಎಂದಿತ್ತು. ಯಾವುದನ್ನು ಕೊಳ್ಳಬೇಕಾಗಿತ್ತು? ನಮ್ಮ ದೇಶದ್ದೇ ಏಕೆ ಸಿಕ್ಕಲಿಲ್ಲ?” ಎಂದು ಕೇಳಿದರು. ನೋಡುವುದಕ್ಕೆ ಇವು ಒಂದೇ ಪ್ರಶ್ನೆಯಂತೆ ತೋರುತ್ತವೆ. ವಿಚಾರಮಾಡಿದರೆ ಎರಡೂ ಬೇರೆ ಬೇರೆ, ಎರಡರ ಉತ್ತರಗಳೂ ಬೇರೆ ಬೇರೆ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ಮೇಜಿನ ಮೇಲಿಡುವ ಸಾಧಾರಣ ಗಣಕಯಂತ್ರದ ಮಿದುಳೆನಿಸಿದ ಪ್ರೊಸೆಸರು ದುಡಿಮೆಯ ಹೊತ್ತಿನಲ್ಲಿ 65 ವ್ಯಾಟಿನಷ್ಟು ಶಾಖವನ್ನು ಹೊರಗೆಡಹುವುದುಂಟು. ಹಿಂದಿನ ಕಾಲದ 60 ವ್ಯಾಟಿನ ಗಾಜಿನ ದೀಪವನ್ನು ಉರಿಯುತ್ತಿರುವಾಗ ಮುಟ್ಟಿದವರಿಗೆ ಇದರ ಅಳತೆ ಚೆನ್ನಾಗಿ ತಿಳಿದೀತು. ಅಷ್ಟು ಶಾಖವು ಬೆಂಕಿಪೆಟ್ಟಿಗೆಗಿಂತ ಕಿರಿದಾದ ಸ್ಥಳದಲ್ಲಿ ಹುಟ್ಟುತ್ತದೆ. ಲೋಹದ ಹಾಳೆಗಳು ಅದನ್ನು ಹೀರಿಕೊಳ್ಳುತ್ತವೆ. ಬೀಸಣಿಗೆಯು ಆ ಹಾಳೆಗಳ ನಡುವೆ ಗಾಳಿಯನ್ನು ನೂಕುತ್ತದೆ. ಗಾಳಿ ನಿಂತರೆ ಪ್ರೊಸೆಸರು ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದರೆ ಯಂತ್ರವು ತಾನಾಗಿಯೇ ಆರಿಹೋಗುತ್ತದೆ.

ಈ ಬೀಸಣಿಗೆಯ ರಚನೆ ಸರಳವೆಂದು ತೋರಿದರೂ ಸೂಕ್ಷ್ಮವಾದುದು. ರೆಕ್ಕೆಗಳು ಕೂಡುವ ಗುಂಬದೊಳಗೆ ಉಂಗುರದಂತಹ ಅಯಸ್ಕಾಂತವೊಂದು ಅಂಟಿಕೊಂಡಿರುತ್ತದೆ. ಅದರ ನಡುವೆ ತಾಮ್ರದ ತಂತಿಯ ಸುರುಳಿಗಳು ನಿಶ್ಚಲವಾಗಿರುತ್ತವೆ. ಅಯಸ್ಕಾಂತದ ಯಾವ ಧ್ರುವವು ಯಾವಾಗ ಎದುರಿಗೆ ಬಂದಿತೆಂಬುದನ್ನು ಹಾಲ್ ಸಂವೇದಕವೆಂಬ ಕಾಳಿನಷ್ಟು ಚಿಕ್ಕ ಭಾಗವು ಅರಿತು, ಸುರುಳಿಗಳಲ್ಲಿ ಹರಿಯುವ ವಿದ್ಯುತ್ತನ್ನು ಅದಕ್ಕೆ ತಕ್ಕಂತೆ ಬದಲಿಸುತ್ತದೆ. 12 ವೋಲ್ಟಿನ ಈ ಯಂತ್ರವು ನಿಮಿಷಕ್ಕೆ ಸಾವಿರ ಸಾವಿರದೈನೂರು ಸುತ್ತುಗಳನ್ನು ವರ್ಷಗಟ್ಟಲೆ ಸುತ್ತಬೇಕು, ಅದೂ ಸದ್ದಿಲ್ಲದೆ.

ಇನ್ನು ಇದು ಹುಟ್ಟುವುದೆಲ್ಲಿ? ಈ ಕಸುಬಿನಲ್ಲಿ ತೈವಾನ್ ದ್ವೀಪವು ಬಹಳ ಮುಂದು. 1971ರಲ್ಲಿ ಪ್ರಾರಂಭವಾದ ಡೆಲ್ಟಾ, 1980ರಲ್ಲಿ ಕಾವೋಶುಂಗ್ ನಗರದಲ್ಲಿ ಪ್ರಾರಂಭವಾದ ಸುನಾನ್ ಎಂಬ ಸಂಸ್ಥೆಗಳು ಅಲ್ಲಿಯವು. ಜಪಾನಿನ ಕ್ಯೋಟೋ ನಗರದಲ್ಲಿ 1973ರಲ್ಲಿ ನಾಲ್ವರೇ ಸೇರಿ ಆರಂಭಿಸಿದ ನಿಡೆಕ್ ಸಂಸ್ಥೆಯು ಸಣ್ಣ ಮೋಟಾರುಗಳಿಗೆ ಜಗತ್ಪ್ರಸಿದ್ಧವಾಯಿತು. ಜರ್ಮನಿಯ ಇಬಿಎಂ-ಪಾಪ್ಸ್ಟ್ ಹಳೆಯ ಹೆಸರು. ಆಸ್ಟ್ರಿಯಾ ದೇಶದ ನಾಕ್ಟುವಾ 2005ರಲ್ಲಿ ಹುಟ್ಟಿದ ಹೊಸ ಹೆಸರು. ಆದರೆ ಸಂಸ್ಥೆಯ ಮನೆ ಒಂದು ದೇಶದಲ್ಲಿದ್ದರೆ ಕಾರ್ಖಾನೆಗಳು ಚೀನಾ, ಥಾಯ್ಲೆಂಡ್, ವಿಯೆಟ್ನಾಂ ಮೊದಲಾದ ಬೇರೆ ಬೇರೆ ದೇಶಗಳಲ್ಲಿರುವುದು ಸಾಮಾನ್ಯ.

ಇಲ್ಲಿ ನಮ್ಮ ತರ್ಕಶಾಸ್ತ್ರದ ಘಟದ ದೃಷ್ಟಾಂತವು ಸಹಾಯಕ್ಕೆ ಬರುತ್ತದೆ. ಮಡಕೆಗೆ ಮಣ್ಣು ಉಪಾದಾನಕಾರಣ, ಕುಂಬಾರನು ನಿಮಿತ್ತಕಾರಣ, ಚಕ್ರ ದಂಡಗಳು ಸಹಕಾರಿಗಳು. ಊರ ಕುಂಬಾರನಲ್ಲಿ ಇವೆಲ್ಲವೂ ಒಂದೇ ಅಂಗಳದಲ್ಲಿ ಕೂಡಿರುತ್ತವೆ. ಆದುದರಿಂದ ಮಡಕೆಯು ಯಾವ ಊರಿನದೆಂದು ಕೇಳಿದರೆ ಉತ್ತರವೊಂದೇ. ಈ ಬೀಸಣಿಗೆಯಲ್ಲಿಯಾದರೋ ತಾಮ್ರವು ಒಂದು ಖಂಡದ ಗಣಿಯದು, ಅಯಸ್ಕಾಂತವು ಮತ್ತೊಂದು ದೇಶದ ಕುಲುಮೆಯದು, ರೆಕ್ಕೆಯ ವಕ್ರತೆಯನ್ನು ಲೆಕ್ಕಹಾಕಿದ ಮಿದುಳು ಮೂರನೆಯ ದೇಶದ್ದು, ಜೋಡಿಸಿದ ಕೈ ನಾಲ್ಕನೆಯ ದೇಶದ್ದು. ಹೊರದೇಶದಿಂದ ತಂದು ಮಾರುವ ಪೊಟ್ಟಣದ ಮೇಲೆ ಉತ್ಪತ್ತಿಯ ದೇಶವನ್ನು ಬರೆಯಬೇಕೆಂದು ನಮ್ಮ ದೇಶದ ನಿಯಮವಿದೆ; ನಿಯಮವು ಒಳ್ಳೆಯದೇ. ಆದರೆ ಆ ಒಂದು ಪದವು ಇಷ್ಟೊಂದು ಕಾರಣಗಳಲ್ಲಿ ಸಾಮಾನ್ಯವಾಗಿ ಕಡೆಯ ಕುಂಬಾರನ ಊರನ್ನು ಮಾತ್ರ ಹೇಳುತ್ತದೆ.

ನಾಕ್ಟುವಾ ಸಂಸ್ಥೆಯ ಉದಾಹರಣೆಯನ್ನು ನೋಡಿರಿ. ಇದರ ಬೀಸಣಿಗೆಗಳ ಕಲ್ಪನೆ ಆಸ್ಟ್ರಿಯಾದ್ದು; ತಯಾರಿಕೆಯು ಬಹುಕಾಲ ತೈವಾನಿನಲ್ಲಿ ನಡೆದು, ಬಳಿಕ ಕೆಲವು ಮಾದರಿಗಳದು ಚೀನಾಕ್ಕೂ ಹೋಯಿತು. 2018ರಲ್ಲಿ ಇವರು ಹೊರತಂದ 120 ಮಿಲಿಮೀಟರಿನ ಒಂದು ಬೀಸಣಿಗೆಯಲ್ಲಿ ರೆಕ್ಕೆಯ ತುದಿಗೂ ಸುತ್ತಲಿನ ಚೌಕಟ್ಟಿಗೂ ಇರುವ ಅಂತರವು ಅರ್ಧ ಮಿಲಿಮೀಟರು ಮಾತ್ರ. ಸಾಧಾರಣ ಪ್ಲಾಸ್ಟಿಕ್ಕಾದರೆ ಕಾವಿಗೂ ತಿರುಗುವ ಸೆಳೆತಕ್ಕೂ ಕಾಲಕ್ರಮದಲ್ಲಿ ಹಿಗ್ಗಿ ಚೌಕಟ್ಟಿಗೆ ತಗುಲುವುದು. ಆದುದರಿಂದ ಹಿಗ್ಗದ ವಿಶೇಷ ದ್ರವ್ಯವನ್ನು ಹುಡುಕಬೇಕಾಯಿತು. ಆ ಅರ್ಧ ಮಿಲಿಮೀಟರನ್ನು ಕಾಯ್ದುಕೊಳ್ಳುವುದು ಶಿಸ್ತು ಮತ್ತು ಪರೀಕ್ಷೆ, ಮಣ್ಣಲ್ಲ, ನೀರಲ್ಲ. ಶಿಸ್ತುಳ್ಳ ಯಜಮಾನನು ಯಾವ ದೇಶದಲ್ಲಿ ಮಾಡಿಸಿದರೂ ಒಳ್ಳೆಯದೇ ಬಂದೀತು. ಶಿಸ್ತಿಲ್ಲದವನು ಯಾವ ದೇಶದಲ್ಲಿ ಮಾಡಿಸಿದರೂ ಕೆಟ್ಟದ್ದೇ ಬಂದೀತು.

ಆದುದರಿಂದ ಮೊದಲನೆಯ ಪ್ರಶ್ನೆಗೆ, ಎಂದರೆ ಕೊಳ್ಳುವವನ ಪ್ರಶ್ನೆಗೆ, ಉತ್ತರವಿದು: ದೇಶದ ಹೆಸರನ್ನು ಬಿಟ್ಟು ಬೇರಿಂಗನ್ನು ವಿಚಾರಿಸಿರಿ. ಅಗ್ಗದ ಬೀಸಣಿಗೆಗಳಲ್ಲಿ ಸ್ಲೀವ್ ಬೇರಿಂಗು ಇರುತ್ತದೆ. ಇದು ನಮ್ಮ ಎತ್ತಿನ ಗಾಡಿಯ ಅಚ್ಚು ಗುಂಬಗಳ ಹಾಗೆ. ಕೀಲೆಣ್ಣೆ ಇರುವತನಕ ಸುಖ, ಆರಿದ ಮೇಲೆ ಕಿರುಗುಟ್ಟುವಿಕೆ. ಬಾಲ್ ಬೇರಿಂಗು ಬೈಸಿಕಲ್ಲಿನ ಗಾಲಿಯೊಳಗಿನ ಗುಂಡುಗಳ ಹಾಗೆ. ಕೊಂಚ ಸದ್ದುಂಟು, ಬಾಳಿಕೆ ಹೆಚ್ಚು. ದ್ರವದ ಪದರದ ಮೇಲೆ ತೇಲುವ ಮೂರನೆಯದು ಮೆತ್ತಗೂ ಹೌದು, ಬಾಳಿಕೆಯೂ ಹೌದು; ಬೆಲೆಯೂ ಹೆಚ್ಚು. ಮೊದಲನೆಯ ಜಾತಿಗೆ 30,000 ಗಂಟೆಗಳೆಂದೂ ಎರಡನೆಯದಕ್ಕೆ 50,000ಕ್ಕೆ ಮೇಲೆಂದೂ ತಯಾರಕರು ಆಯುಸ್ಸನ್ನು ಹೇಳುವುದುಂಟು. ದಿನಕ್ಕೆ 8 ಗಂಟೆಯಂತೆ ಲೆಕ್ಕಹಾಕಿದರೆ 30,000 ಗಂಟೆಯೆಂಬುದು ಹತ್ತು ವರ್ಷ. ನಮ್ಮ ಮನೆಗಳಲ್ಲಿ ಅಷ್ಟು ಬಾಳದಿರುವುದಕ್ಕೆ ಮುಖ್ಯ ಶತ್ರುಗಳು ಧೂಳು ಮತ್ತು ಕಾವು. ಹತ್ತಿ ಬೆಳೆಯುವ ನಮ್ಮ ಸೀಮೆಯಲ್ಲಿ ಅರಳೆಯ ಎಳೆಗಳು ರೆಕ್ಕೆಗಳಿಗೂ ಲೋಹದ ಹಾಳೆಗಳಿಗೂ ಮೆತ್ತಿಕೊಂಡು ಗಾಳಿಯ ದಾರಿಯನ್ನು ಕಟ್ಟುತ್ತವೆ. ಮೂರು ತಿಂಗಳಿಗೊಮ್ಮೆ ವಿದ್ಯುತ್ತನ್ನು ಕಡಿದು, ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿದು, ಮೆತ್ತನೆಯ ಕುಂಚದಿಂದ ಒರಸುವವನ ಮನೆಯಲ್ಲಿ ಚೀನಾದ್ದೂ ಬಾಳುತ್ತದೆ. ಒರಸದವನ ಮನೆಯಲ್ಲಿ ತೈವಾನಿನದೂ ಕೆಡುತ್ತದೆ.

ಹಾಗಾದರೆ ಎಲ್ಲಿ ಹುಟ್ಟಿದರೇನು, ಎಲ್ಲವೂ ಒಂದೇ ಎನ್ನೋಣವೇ? ಇಲ್ಲಿಯೇ ಎರಡನೆಯ ಪ್ರಶ್ನೆ ಏಳುತ್ತದೆ. ಇದು ಕೊಳ್ಳುವವನದಲ್ಲ, ಮಕ್ಕಳ ತಂದೆತಾಯಿಗಳದು.

2011ರಲ್ಲಿ ಥಾಯ್ಲೆಂಡಿನಲ್ಲಿ ಮಹಾಪ್ರವಾಹವು ಬಂದಿತು. ನಮ್ಮ ಅಯೋಧ್ಯೆಯ ಹೆಸರನ್ನೇ ಹೊತ್ತಿರುವ ಅಯುತ್ಥಯ ಪ್ರಾಂತದ ಕಾರ್ಖಾನೆಗಳು ನೀರಿನಲ್ಲಿ ಮುಳುಗಿದವು. ಗಣಕಯಂತ್ರದ ಜ್ಞಾಪಕಭಂಡಾರವಾದ ಹಾರ್ಡ್ ಡಿಸ್ಕುಗಳೂ ಅವುಗಳೊಳಗಿನ ಸಣ್ಣ ಮೋಟಾರುಗಳೂ ಆ ದೇಶದಲ್ಲಿ ಹೇರಳವಾಗಿ ತಯಾರಾಗುತ್ತಿದ್ದುದರಿಂದ ಪ್ರಪಂಚದಲ್ಲೆಲ್ಲ ಅವುಗಳ ಬೆಲೆ ಏರಿ ತಿಂಗಳುಗಟ್ಟಲೆ ಇಳಿಯಲಿಲ್ಲ. 2019ರಲ್ಲಿ ಕಪಿಲೆಯು ಉಕ್ಕಿ ನಂಜನಗೂಡಿನ ಹೆದ್ದಾರಿಯನ್ನು ಮುಚ್ಚಿದುದನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಒಂದೇ ಕಣಜದಲ್ಲಿ ಊರಿನ ಧಾನ್ಯವನ್ನೆಲ್ಲ ತುಂಬಿದವನ ಪಾಡು ಕಣಜ ಸೋರಿದಾಗ ತಿಳಿಯುತ್ತದೆ.

ಇದಕ್ಕಿಂತಲೂ ದೊಡ್ಡ ಪಾಠವು ನಮ್ಮ ಮೈಸೂರು ಸೀಮೆಯ ಚರಿತ್ರೆಯಲ್ಲಿಯೇ ಇದೆ. ನಮ್ಮ ಕಾಡುಗಳ ಶ್ರೀಗಂಧವು ಮೊದಲು ಕೊರಡಾಗಿಯೇ ಹಡಗನ್ನೇರಿ ಯೂರೋಪಿಗೆ ಹೋಗುತ್ತಿತ್ತು; ಅದರಿಂದ ತೈಲವನ್ನು ತೆಗೆಯುವ ವಿದ್ಯೆ ಅಲ್ಲಿಯವರದಾಗಿತ್ತು. 1914ರಲ್ಲಿ ಮಹಾಯುದ್ಧವು ಆರಂಭವಾಗಲು ಹಡಗುಗಳು ನಿಂತವು, ಕೊರಡುಗಳು ರಾಶಿಬಿದ್ದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರಭುತ್ವದಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ 1916ರಲ್ಲಿ ತೈಲವನ್ನು ಇಲ್ಲಿಯೇ ಭಟ್ಟಿಯಿಳಿಸಲು ಉಪಕ್ರಮಿಸಿದರು. ಸಾಬೂನಿನ ವಿದ್ಯೆಯನ್ನು ಕಲಿತುಬರಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ಅಲ್ಲಿಯ ಸಾಬೂನನ್ನು ತರಿಸದೆ ಅಲ್ಲಿಯ ವಿದ್ಯೆಯನ್ನು ತರಿಸಿದುದು ಗಮನಿಸತಕ್ಕ ಅಂಶ. ಗಂಧದ ಮರವು ಮೊದಲಿನಿಂದಲೂ ನಮ್ಮದೇ ಆಗಿತ್ತು; ಗಂಧದ ಸಾಬೂನು ನಮ್ಮದಾದುದು ಕೈಯೂ ತಲೆಯೂ ಕಲಿತ ಮೇಲೆಯೇ.

ಅಂತಹ ಕಲಿಕೆಯು ಈಗ ಎಲ್ಲಿಗೆ ಬಂದಿದೆ? ನಮ್ಮ ಊರಿನ ಕಪಿಲೆಯೇ ಹರಿದು ಸೇರುವ ನಂಜನಗೂಡಿನಲ್ಲಿ ಆಸ್ಟ್ರಿಯಾ ದೇಶದ ಎಟಿ ಅಂಡ್ ಎಸ್ ಸಂಸ್ಥೆಯು 1999ರಿಂದ ವಿದ್ಯುನ್ಮಾನ ಯಂತ್ರಗಳ ಮುದ್ರಿತ ಮಂಡಲಫಲಕಗಳನ್ನು ತಯಾರಿಸುತ್ತಿದೆ. ಮೈಸೂರಿನಲ್ಲಿ 1988ರಲ್ಲಿ ಹುಟ್ಟಿದ ಕೇನ್ಸ್ ಸಂಸ್ಥೆಯು ಫಲಕಗಳಿಗೆ ಭಾಗಗಳನ್ನು ಜೋಡಿಸುವ ಕಸುಬಿನಲ್ಲಿ ಬೆಳೆದಿದೆ. ಮೇಲೆ ಹೇಳಿದ ನಿಡೆಕ್ ಸಂಸ್ಥೆಯೇ ಹುಬ್ಬಳ್ಳಿ-ಧಾರವಾಡದ ಬಳಿ 2025ರಲ್ಲಿ ದೊಡ್ಡ ಕಾರ್ಖಾನೆಗಳ ಸಮೂಹವನ್ನು ತೆರೆದಿದೆ. ಅಲ್ಲಿಯ ಕೆಲಸ ದೊಡ್ಡ ಮೋಟಾರು, ಜನರೇಟರು ಮೊದಲಾದವುಗಳದು. ಕೇಂದ್ರ ಸರ್ಕಾರವು 2023ರಲ್ಲಿ ಗಣಕಯಂತ್ರಗಳನ್ನು ಇಲ್ಲಿಯೇ ತಯಾರಿಸುವವರಿಗೆ 17,000 ಕೋಟಿ ರೂಪಾಯಿಗಳ ಪ್ರೋತ್ಸಾಹಯೋಜನೆಯನ್ನೂ, 2025ರಲ್ಲಿ ಬಿಡಿಭಾಗಗಳನ್ನು ತಯಾರಿಸುವವರಿಗೆ 22,919 ಕೋಟಿ ರೂಪಾಯಿಗಳ ಯೋಜನೆಯನ್ನೂ ಮಂಜೂರುಮಾಡಿತು. ಮೊದಲು ಜೋಡಣೆ, ಬಳಿಕ ಬಿಡಿಭಾಗ ಎಂಬ ಈ ಕ್ರಮವು ಸರಿಯಾದುದೇ; ಅಕ್ಷರವನ್ನು ತಿದ್ದಿದವನೇ ಮುಂದೆ ವಾಕ್ಯವನ್ನು ಬರೆಯುತ್ತಾನೆ.

ಆದರೆ ತಿದ್ದುವುದರಲ್ಲಿಯೇ ಜನ್ಮ ಸವೆಯಬಾರದು. ಹಿಂದೆ ನನ್ನಲ್ಲಿ ಓದಿ ಈಗ ಇಂತಹ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ ಹೆಣ್ಣುಮಗಳೊಬ್ಬಳು ಹಬ್ಬಕ್ಕೆ ಬಂದಿದ್ದಾಗ, “ಮೇಷ್ಟ್ರೇ, ಯಾವ ಭಾಗವನ್ನು ಎಲ್ಲಿಡಬೇಕೆಂಬುದು ಕಣ್ಣು ಮುಚ್ಚಿದರೂ ಬರುತ್ತದೆ. ಅಲ್ಲಿಯೇ ಏಕೆ ಇಡಬೇಕೆಂದು ಕೇಳಿದರೆ, ನಕ್ಷೆ ಹೊರದೇಶದಿಂದ ಬಂದಿದೆ ಎನ್ನುತ್ತಾರೆ” ಎಂದಳು. ಅವಳ ಸಂಬಳದಿಂದ ಮನೆಯ ಸಾಲ ತೀರಿತು, ತಮ್ಮನು ಕಾಲೇಜಿಗೆ ಸೇರಿದನು. ಇದು ಸಣ್ಣ ಮಾತಲ್ಲ. ಆದರೂ ಅವಳ ಆ “ಏಕೆ” ಎಂಬುದಕ್ಕೆ ಉತ್ತರ ಹೇಳಬಲ್ಲವರು ನಮ್ಮಲ್ಲಿಯೂ ಇಲ್ಲದಿರುವತನಕ ಪೊಟ್ಟಣದ ಮೇಲೆ ಭಾರತವೆಂದು ಅಚ್ಚಾದರೂ ವಿದ್ಯೆಯು ನೆರೆಮನೆಯದಾಗಿಯೇ ಉಳಿಯುತ್ತದೆ. ನೆರೆಮನೆಯವನು ಮನಸ್ಸು ಬದಲಿಸಿದ ದಿನ ಕಾರ್ಖಾನೆಯು ಗಾಡಿ ಕಟ್ಟಿಕೊಂಡು ಬೇರೆಯ ಊರಿಗೆ ಹೋಗಬಲ್ಲದು; ಕಲಿತ ವಿದ್ಯೆಯನ್ನು ಹಾಗೆ ಹೊರಿಸಿಕೊಂಡು ಹೋಗಲು ಯಾರಿಂದಲೂ ಆಗದು.

ಕಾರ್ಖಾನೆಯೊಡನೆ ಹೊಗೆಯೂ ಕೊಳಚೆಯೂ ಬರುವುವೆಂಬುದನ್ನು ಮರೆಯತಕ್ಕದ್ದಲ್ಲ. ದೂರದೇಶದಲ್ಲಿ ತಯಾರಾದಾಗ ಆ ಕಷ್ಟವು ಅಲ್ಲಿಯ ನದಿಯದು. ಇಲ್ಲಿಗೆ ಬಂದರೆ ನಮ್ಮ ಕಪಿಲೆಯದು. ಕೆಲಸವನ್ನು ಬಯಸುವವರು ನೀರನ್ನು ಶುದ್ಧವಾಗಿಡುವ ಹೊಣೆಯನ್ನೂ ಕೂಡಿಯೇ ಬಯಸಬೇಕು.

ಹೀಗೆ, ಎಲ್ಲಿ ಹುಟ್ಟಿತೆಂಬುದು ಬೀಸಣಿಗೆಯ ಗುಣಕ್ಕೆ ಹೆಚ್ಚಾಗಿ ಸಂಬಂಧಪಟ್ಟುದಲ್ಲ. ಅದನ್ನು ಮಾಡಬಲ್ಲ ಮನುಷ್ಯರು ಎಲ್ಲಿ ಹುಟ್ಟುತ್ತಾರೆಂಬುದಕ್ಕೆ ಬಹಳವಾಗಿ ಸಂಬಂಧಪಟ್ಟುದು. ಗೃಹಸ್ಥರಾದ ನಾವು ಕಾರ್ಖಾನೆಗಳನ್ನು ಕಟ್ಟಲಾರೆವು, ನಿಜ. ಒಂದು ಕೆಲಸವನ್ನು ಮಾತ್ರ ಖಂಡಿತವಾಗಿ ಮಾಡಬಲ್ಲೆವು. ಕೆಟ್ಟ ಬೀಸಣಿಗೆಯನ್ನು ಕೂಡಲೇ ಕಸಕ್ಕೆ ಎಸೆಯಬೇಡಿರಿ. ಯಂತ್ರದಿಂದ ಬೇರ್ಪಟ್ಟ ಆ ಬೀಸಣಿಗೆಯನ್ನು ಮನೆಯ ಹುಡುಗ ಹುಡುಗಿಯರ ಕೈಗೆ ಕೊಡಿರಿ. ಗುಂಬದ ಹಿಂದಿನ ಚೀಟಿಯನ್ನು ಕಿತ್ತು, ಅದರಡಿಯ ಸಣ್ಣ ಬಿಲ್ಲೆಯನ್ನು ತೆಗೆದು, ರೆಕ್ಕೆಯನ್ನು ಹೊರಕ್ಕೆಳೆದು ನೋಡಲಿ. ಅಯಸ್ಕಾಂತವು ಸೂಜಿಯನ್ನು ಸೆಳೆಯುವುದನ್ನು ಕಾಣಲಿ, ತಾಮ್ರದ ಸುತ್ತುಗಳನ್ನು ಎಣಿಸಲಿ, ತಿರುಗುವುದು ಯಾವುದು ನಿಲ್ಲುವುದು ಯಾವುದು ಎಂದು ತರ್ಕಿಸಲಿ. “ಏಕೆ” ಎಂದು ಅವರು ಕೇಳಿದಾಗ ಗೊತ್ತಿದ್ದರೆ ಹೇಳಿರಿ. ಗೊತ್ತಿಲ್ಲದಿದ್ದರೆ ಅವರೊಡನೆ ಶಾಲೆಯ ವಿಜ್ಞಾನದ ಮೇಷ್ಟರಲ್ಲಿಗೆ ಹೋಗಿ ಕೇಳಿರಿ. ಆಮೇಲೆ ಉಳಿದ ಚೂರುಗಳನ್ನು ವಿದ್ಯುನ್ಮಾನ ಕಸವನ್ನು ಕೊಳ್ಳುವವರಿಗೆ ಕೊಟ್ಟರಾಯಿತು.