ಬಯೋಡೇಟಾದ ಆ ಒಂದು ಸಾಲು

ಡಿಗ್ರಿ ಮುಗಿದು ವರ್ಷವಾಯಿತು. ಗುರುಪುರದಿಂದ ಹುಣಸೂರು, ಅಲ್ಲಿಂದ ಮೈಸೂರು ಎಂದು ಬಸ್ ಹತ್ತಿ ಇಂಟರ್‌ವ್ಯೂಗಳಿಗೆ ಅಲೆಯುತ್ತಿದ್ದೇನೆ. ಮೊನ್ನೆ ಚಿಕ್ಕಪ್ಪ ನನ್ನ ಬಯೋಡೇಟಾ ನೋಡುತ್ತಾ ‘ಬೀದಿನಾಟಕ, ಕಿರುಚಿತ್ರದಲ್ಲಿ ಅಭಿನಯ’ ಎಂಬ ಸಾಲಿನ ಮೇಲೆ ಬೆರಳಿಟ್ಟರು. ‘ಇದ್ಯಾಕವ್ವಾ? ತೆಗೆದುಹಾಕು. ಕೆಲಸ ಕೊಡೋರು ಏನಂದ್ಕೋತಾರೆ, ನಾಳೆ ಹೆಣ್ಣು ನೋಡೋಕೆ ಬರೋರು ಏನಂತಾರೆ?’

ನನಗೆ ಕಮಲಾದೇವಿ ಚಟ್ಟೋಪಾಧ್ಯಾಯ ನೆನಪಾದರು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಅವರೆಂದರೆ ಕರಕುಶಲ ಕಲೆ, 1966ರ ಮ್ಯಾಗ್ಸೆಸೆ ಪ್ರಶಸ್ತಿ. ನನ್ನ ನೋಟ್ಸ್‌ನಲ್ಲೂ ಇದ್ದದ್ದು ಅಷ್ಟೇ. ಅವರು ಮೂಕಿ ಚಿತ್ರದ ನಟಿಯೂ ಆಗಿದ್ದರು ಎಂಬುದು ತಡವಾಗಿ ತಿಳಿಯಿತು. ಮೋಹನ್ ಭವನಾನಿ ನಿರ್ದೇಶನದ ‘ಮೃಚ್ಛಕಟಿಕ’ (1931), ಶೂದ್ರಕನ ನಾಟಕದ ಸಿನಿಮಾ. ಏಣಾಕ್ಷಿ ರಾಮರಾವ್ ಜೊತೆಗೆ ನಮ್ಮ ಟಿ.ಪಿ. ಕೈಲಾಸಂ ಕೂಡ ಅದರಲ್ಲಿದ್ದರು.

ಅದು ಎಂಥ ಕಾಲ! 1913ರಲ್ಲಿ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆದಾಗ ಹೆಂಗಸರು ಯಾರೂ ಒಪ್ಪದೆ, ತಾರಾಮತಿಯ ಪಾತ್ರಕ್ಕೆ ಸಾಳುಂಕೆ ಎಂಬ ಗಂಡಸು ಸೀರೆ ಉಡಬೇಕಾಯಿತು. ಮೃಚ್ಛಕಟಿಕದ ಹೊತ್ತಿಗೂ ಸಿನಿಮಾದ ಹೆಣ್ಣೆಂದರೆ ಜನ ಮೂಗು ಮುರಿಯುತ್ತಿದ್ದರು. ಕಮಲಾದೇವಿ ಬೇರೆ ದಾರಿ ಕಾಣದೆ ಅಲ್ಲಿಗೆ ಹೋದವರಲ್ಲ. 1926ರಲ್ಲೇ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಸ್ವಲ್ಪ ಮತಗಳಲ್ಲಿ ಸೋತಿದ್ದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾಗಿದ್ದರು. ಬಾಲ್ಯದಲ್ಲೇ ವಿಧವೆಯಾಗಿ ಮರುಮದುವೆಯಾದವರು ಬೇರೆ. ಆಡಿಕೊಳ್ಳುವವರಿಗೆ ಅಷ್ಟೇ ಸಾಕಿತ್ತು. ಹೆಸರು ಕೆಟ್ಟೀತು ಎಂದು ಹೆದರಬೇಕಿದ್ದವರು ಅವರು. ಆದರೂ ಬಣ್ಣ ಹಚ್ಚಿದರು.  ಮುಂದೆ ದೇಶ ವಿಭಜನೆಯಾದಾಗ ನಿರಾಶ್ರಿತರಿಗೆ ಫರಿದಾಬಾದ್‌ನಲ್ಲಿ ನೆಲೆ ಕಲ್ಪಿಸಲು ದುಡಿದವರೂ ಇವರೇ.

ಅವರಿಗೆ ಓದಿದ ತಾಯಿಯ ಬೆಂಬಲವಿತ್ತು, ನಮ್ಮಂಥವರಿಗೆ ಎಲ್ಲಿದೆ ಎಂದು ಕೇಳಬಹುದು. ನಿಜ. ಚಿಕ್ಕಪ್ಪನ ಭಯವೂ ಸುಳ್ಳಲ್ಲ, ನಟನೆಯಿಂದ ನಮ್ಮ ಮನೆಗೆ ಒಂದು ರೂಪಾಯಿ ಬಂದಿಲ್ಲ. ಆದರೆ ಐದು ಜನ ಎದುರು ಕೂತು ಪ್ರಶ್ನೆ ಕೇಳುವಾಗ ಗಂಟಲು ಒಣಗಿದರೂ ಕೈ ನಡುಗದಂತೆ, ಕಣ್ಣು ತಗ್ಗಿಸದಂತೆ ಕೂರುವುದನ್ನು ನನಗೆ ಯಾವ ಕೋಚಿಂಗ್ ಕ್ಲಾಸೂ ಕಲಿಸಿದ್ದಲ್ಲ. ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಆಡಿದ ಬೀದಿನಾಟಕ ಕಲಿಸಿದ್ದು. ನಾಚಿಕೆಪಟ್ಟು ಅದನ್ನು ಅಳಿಸಿದರೆ, ನನ್ನ ಬಯೋಡೇಟಾದಲ್ಲಿ ಉಳಿಯುವುದು ಅಂಕಗಳು ಮಾತ್ರ. ಅವು ಎಲ್ಲರ ಬಳಿಯೂ ಇವೆ, ನನಗಿಂತ ಹೆಚ್ಚೇ ಇವೆ.

ಸೋಮವಾರ ಮೈಸೂರಿನಲ್ಲಿ ಇನ್ನೊಂದು ಇಂಟರ್‌ವ್ಯೂ. ಪ್ರಿಂಟ್ ತೆಗೆಸಿಟ್ಟಿದ್ದೇನೆ. ಆ ಸಾಲು ಹಾಗೇ ಇದೆ. ಚಿಕ್ಕಪ್ಪನಿಗೆ ಇನ್ನೂ ತೋರಿಸಿಲ್ಲ.