ಗಡಿಯಾರ ಅಳೆದ 1600 ಮೀಟರ್

ನಸುಕಿನಲ್ಲೇ ಎದ್ದು ಊರ ಹೊರಗಿನ ರಸ್ತೆಯಲ್ಲಿ ಓಡುವ ಹುಡುಗರಲ್ಲಿ ಅನೇಕರ ಕಣ್ಣು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಮೇಲಿರುತ್ತದೆ. ಕರ್ನಾಟಕದಲ್ಲಿ ಆ ಹುದ್ದೆಯ ದೈಹಿಕ ಪರೀಕ್ಷೆಗೆ ಬರುವ ಪುರುಷ ಅಭ್ಯರ್ಥಿ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಮನೆಯವರು ಕೊಡಿಸಿದ ಜಿಪಿಎಸ್ ಕೈಗಡಿಯಾರ 1.60 ಕಿ.ಮೀ. ತೋರಿಸುವ ಹೊತ್ತಿಗೆ 6 ನಿಮಿಷ 25 ಸೆಕೆಂಡಾಗಿದ್ದರೆ ಹುಡುಗನಿಗೂ ಧೈರ್ಯ, ಅಪ್ಪನಿಗೂ ನೆಮ್ಮದಿ. ಅದೇ ಹುಡುಗ ಪರೀಕ್ಷೆಯ ದಿನ ಏಳು ಸೆಕೆಂಡು ತಡವಾಗಿ ಗೆರೆ ಮುಟ್ಟಿದನೆನ್ನಿ. ಹೆದರಿಕೆ, ನಿದ್ದೆಗೆಟ್ಟದ್ದು, ಹೊಸ ಬೂಟು ಎಂದು ನೂರು ಕಾರಣ ಹುಡುಕುತ್ತಾರೆ. ಗಡಿಯಾರವನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಈ ಗಡಿಯಾರ ದೂರವನ್ನು ನೇರವಾಗಿ ಅಳೆಯುವುದೇ ಇಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ರೇಡಿಯೊ ಸಂಕೇತ ಬಂದು ಸೇರಲು ಹಿಡಿದ ಕಾಲವನ್ನು ಲೆಕ್ಕ ಹಾಕಿ, ತಾನು ಎಲ್ಲಿದ್ದೇನೆಂದು ಅಂದಾಜು ಮಾಡುತ್ತದೆ. ಸಂಕೇತ ಬೆಳಕಿನ ವೇಗದಲ್ಲಿ ಬರುವುದರಿಂದ, ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಷ್ಟು ತಪ್ಪಿದರೂ 30 ಸೆಂಟಿಮೀಟರಿನ ವ್ಯತ್ಯಾಸ! ದಾರಿಯಲ್ಲಿ ವಾಯುಮಂಡಲದ ಮೇಲ್ಪದರ ಅದನ್ನು ತಡೆಯುತ್ತದೆ, ಎತ್ತರದ ಕಟ್ಟಡದ ಗೋಡೆಗೆ ಬಡಿದು ಅದು ಸುತ್ತುಬಳಸಿ ಬರುವುದೂ ಉಂಟು. ಬಯಲಿನಲ್ಲಿ ಕೂಡ ಐದಾರು ಮೀಟರಿನ ಏರುಪೇರು ಮಾಮೂಲು.

ಹೀಗೆ ಸೆಕೆಂಡಿಗೊಂದರಂತೆ ಚುಕ್ಕಿ ಇಡುತ್ತಾ ಹೋಗಿ, ಅವನ್ನು ಗೆರೆಯಿಂದ ಜೋಡಿಸಿ, ಗೆರೆಯ ಉದ್ದವನ್ನೇ ಓಡಿದ ದೂರವೆಂದು ಗಡಿಯಾರ ಸಾರುತ್ತದೆ. ರಂಗೋಲಿಯ ಚುಕ್ಕಿ ಸೊಟ್ಟಗಾದರೆ ಗೆರೆಯೂ ಸೊಟ್ಟಗಾಗುತ್ತದೆ ತಾನೆ? ಸೊಟ್ಟ ಗೆರೆ ನೇರ ಗೆರೆಗಿಂತ ಉದ್ದ. ಎಷ್ಟು ಉದ್ದ ಎಂಬುದನ್ನು ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯದಿಂದಲೇ ತಿಳಿಯಬಹುದು. ಹುಡುಗ ಸೆಕೆಂಡಿಗೆ 4 ಮೀಟರ್ ಓಡುತ್ತಾನೆ. ಒಂದು ಚುಕ್ಕಿ ಅರ್ಧ ಮೀಟರ್ ಎಡಕ್ಕೆ, ಮುಂದಿನದು ಅರ್ಧ ಮೀಟರ್ ಬಲಕ್ಕೆ ಬಿತ್ತು ಎಂದಿಟ್ಟುಕೊಳ್ಳೋಣ. ಮುಂದಕ್ಕೆ 4, ಅಡ್ಡಕ್ಕೆ 1. ವರ್ಗಗಳ ಮೊತ್ತ 17, ಅದರ ವರ್ಗಮೂಲ 4.12. ಅಂದರೆ ನೂರಕ್ಕೆ ಮೂರರಷ್ಟು ಹೆಚ್ಚು. ಗಡಿಯಾರ 1600 ಎಂದಾಗ ಹುಡುಗ ನಿಜವಾಗಿ ಓಡಿದ್ದು ಸುಮಾರು 1552 ಮೀಟರ್. ಉಳಿದ 48 ಮೀಟರಿಗೆ 12 ಸೆಕೆಂಡು ಬೇಕು. 6 ನಿಮಿಷ 25 ಸೆಕೆಂಡು ಅಲ್ಲಿಗೆ 6 ನಿಮಿಷ 37 ಆಯಿತು!

ಐದಾರು ಮೀಟರ್ ತಪ್ಪುವ ಉಪಕರಣ ಇಷ್ಟಕ್ಕೇ ನಿಲ್ಲುವುದು ಹೇಗೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಅಕ್ಕಪಕ್ಕದ ಚುಕ್ಕಿಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಸರಿದಿರುತ್ತವೆ. ಇಡೀ ಗೆರೆ ಪಕ್ಕದ ಹೊಲಕ್ಕೆ ಜಾರಿದರೂ ಉದ್ದ ಅಷ್ಟಾಗಿ ಕೆಡುವುದಿಲ್ಲ. ಗಡಿಯಾರದೊಳಗಿನ ಲೆಕ್ಕಾಚಾರವೂ ಸೊಟ್ಟನ್ನು ಒಂದಿಷ್ಟು ತಿದ್ದುತ್ತದೆ. ಈ ಉದ್ದವಾಗುವ ಗುಣವನ್ನು ಆಸ್ಟ್ರಿಯದ ಸಾಲ್ಸ್‌ಬರ್ಗಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಗಣಿತದಿಂದಲೇ ವಿವರಿಸಿದ್ದಾರೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ತಿರುವಿನಲ್ಲಿ ಚುಕ್ಕಿಗಳು ದೂರದೂರವಿದ್ದರೆ ಗೆರೆ ಮೂಲೆ ಕತ್ತರಿಸಿಕೊಂಡು ಹೋಗಿ ದೂರ ಕಡಿಮೆಯಾಗುತ್ತದೆ.

ಹತ್ತಿರದಲ್ಲಿ 400 ಮೀಟರಿನ ಟ್ರ್ಯಾಕ್ ಇದ್ದರೆ ಗಡಿಯಾರದ ಹಂಗೇ ಬೇಡ, ನಾಲ್ಕು ಸುತ್ತು ಓಡಿದರಾಯಿತು. ಆದರೆ ಒಳಗಿನ ಮೊದಲ ಲೇನಿನಲ್ಲೇ ಓಡಬೇಕು. ಎರಡನೆಯ ಲೇನಿನ ಒಂದು ಸುತ್ತು 407 ಮೀಟರ್.

ಟ್ರ್ಯಾಕ್ ಇಲ್ಲದ ಊರಿಗೆ ಸೈಕಲ್ಲೇ ಸಾಕು. ದೊಡ್ಡ ಮ್ಯಾರಥಾನ್‌ಗಳ ಹಾದಿಯನ್ನು ಇಂದಿಗೂ ಅಳೆಯುವುದು ಮುಂದಿನ ಚಕ್ರಕ್ಕೆ ಎಣಿಕೆಯ ಸಾಧನ ಕಟ್ಟಿದ ಸೈಕಲ್ಲಿನಿಂದ, ಉಪಗ್ರಹದಿಂದಲ್ಲ! ನೇರ ರಸ್ತೆಯಲ್ಲಿ ಟೇಪು ಹಿಡಿದು 100 ಮೀಟರ್ ಗುರುತು ಮಾಡಿ, ಅಷ್ಟು ದೂರಕ್ಕೆ ಮುಂದಿನ ಚಕ್ರ ಎಷ್ಟು ಸುತ್ತು ತಿರುಗಿತೆಂದು ಗಾಳಿ ತುಂಬುವ ವಾಲ್ವನ್ನು ನೋಡಿಕೊಂಡು ಎಣಿಸಬೇಕು. ಅದರ ಹದಿನಾರರಷ್ಟು ಸುತ್ತಿಗೆ 1600 ಮೀಟರ್. ಒಬ್ಬ ತಳ್ಳಿ ಇನ್ನೊಬ್ಬ ಎಣಿಸಿದರೆ ಲೆಕ್ಕ ತಪ್ಪದು. ಎರಡೂ ಕೆಲಸವನ್ನು ಒಂದೇ ಬೆಳಗ್ಗೆ ಮುಗಿಸುವುದು ಒಳ್ಳೆಯದು. ಬಿಸಿಲೇರಿದಂತೆ ಟೈರಿನೊಳಗಿನ ಗಾಳಿ ಹಿಗ್ಗಿ ಚಕ್ರದ ಸುತ್ತಳತೆ ತುಸುವೇ ಹೆಚ್ಚುತ್ತದೆ. ಅಧಿಕೃತವಾಗಿ ಹಾದಿ ಅಳೆಯುವವರು ಕೆಲಸಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಚಕ್ರವನ್ನು ಟೇಪಿನ ಅಳತೆಗೆ ಹೋಲಿಸುವುದು ಅದಕ್ಕೇ.