ಸೀಸೆಯ ಮೇಲಿನ 1830

ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಟ್ಯಾಲಿಸ್ಕರ್ ವಿಸ್ಕಿ ಸೀಸೆಯ ಮೇಲೆ 1830 ಎಂಬ ಇಸವಿ ಇರುತ್ತದೆ. ಅದನ್ನು ಕಂಡು ಕಣ್ಣು ಒದ್ದೆ ಮಾಡಿಕೊಳ್ಳುವ ಬರಹಗಳಿಗೆ ನಮ್ಮಲ್ಲೂ ಬರವಿಲ್ಲ. ಕಡಲಿನ ಉಪ್ಪು, ಪೀಟ್ ಹೊಗೆ, ಇನ್ನೂರು ವರ್ಷದ ಪರಂಪರೆ! ಉಪ್ಪು, ಹೊಗೆಯ ಬಗ್ಗೆ ನನ್ನ ತಕರಾರಿಲ್ಲ.

1825ರಲ್ಲಿ ಹ್ಯೂ ಮ್ಯಾಕಸ್ಕಿಲ್ ಎಂಬಾತ ಮ್ಯಾಕ್ಲೌಡ್ ಜಮೀನ್ದಾರ ಮನೆತನದಿಂದ ಟ್ಯಾಲಿಸ್ಕರ್ ಎಸ್ಟೇಟನ್ನು ಗುತ್ತಿಗೆ ಹಿಡಿದ. ಅಲ್ಲಿ ತಲೆಮಾರುಗಳಿಂದ ಉಳುತ್ತ, ದನ ಮೇಯಿಸುತ್ತ ಇದ್ದ ಒಕ್ಕಲುಗಳಿಗಿಂತ ಚೆವಿಯಟ್ ತಳಿಯ ಕುರಿ ಲಾಭದ ಬಾಬತ್ತು. ಜನರನ್ನು ಎಬ್ಬಿಸಿ ಕುರಿ ಬಿಟ್ಟ. ಎದ್ದವರಲ್ಲಿ ಕೆಲವರು ಹಾರ್ಪೋರ್ಟ್ ಎಂಬ ಕಡಲತೋಳಿನ ದಡದ ಕಾರ್ಬಾಸ್ಟ್‌ನಲ್ಲಿ ನೆಲೆ ಹುಡುಕಿಕೊಂಡರು. 1830ರಲ್ಲಿ ಹ್ಯೂ ತನ್ನ ಸೋದರ ಕೆನೆತ್ ಜೊತೆ ಡಿಸ್ಟಿಲರಿ ಕಟ್ಟಿಸಿದ್ದು ಅದೇ ಕಾರ್ಬಾಸ್ಟ್‌ನಲ್ಲಿ. ಊರಿಗೆ ಇದೊಂದು ಶಾಪ ಎಂದು ಅಲ್ಲಿನ ಪಾದ್ರಿ ರಾಡರಿಕ್ ಮ್ಯಾಕ್ಲೌಡ್ ಆಗಲೇ ಗೊಣಗಿದ್ದರು.

ಈ ಎಬ್ಬಿಸುವಿಕೆಗೆ ಇಂಗ್ಲಿಷ್ ಇಟ್ಟ ಹೆಸರು 'ಕ್ಲಿಯರೆನ್ಸ್'. ಅಂದರೆ ನೆಲ ಚೊಕ್ಕಟವಾಯಿತು, ಅಷ್ಟೆ. ಆ ಪದದೊಳಗೆ ಮನುಷ್ಯರೇ ಇಲ್ಲ. ಅನುಭವಿಸಿದವರ ಗೇಲಿಕ್ ಭಾಷೆಯಲ್ಲಿ ಅದು 'ಫುವಾದಖ್', ಹೊರದಬ್ಬುವಿಕೆ. ನಮ್ಮವರು ಇಂಗ್ಲಿಷನ್ನು ನಂಬಿ 'ತೆರವು' ಎಂದು ಬರೆಯುತ್ತಾರೆ, ಇಲ್ಲವೇ ಜನ 'ಸ್ಥಳಾಂತರಗೊಂಡರು' ಎನ್ನುತ್ತಾರೆ. ಈ 'ಗೊಂಡರು' ಎಷ್ಟು ಅನುಕೂಲದ ಕ್ರಿಯಾಪದ ನೋಡಿ: ಮಾಡಿದವನ ಹೆಸರೇ ಬೇಕಿಲ್ಲ. ಕನ್ನಡದಲ್ಲಿ 'ಒಕ್ಕಲೆಬ್ಬಿಸು' ಎಂಬ ಪದ ಇರುವಾಗ ಈ ಸಂಕೋಚ ಯಾಕೆ? ಒಕ್ಕಲೂ ಅದರಲ್ಲಿದೆ, ಎಬ್ಬಿಸಿದ ಕೈಯೂ ಇದೆ.

ಇನ್ನು ಪರಂಪರೆ. 1928ರವರೆಗೆ ಇಲ್ಲಿ ಮೂರು ಸಲ ಬಟ್ಟಿ ಇಳಿಸುತ್ತಿದ್ದರು, ಆಮೇಲೆ ಎರಡೇ ಸಲ. 1960ರ ಬೆಂಕಿಯಲ್ಲಿ ಬಟ್ಟಿಮನೆ ಸುಟ್ಟುಹೋಯಿತು. ಹಳೆಯ ಹಂಡೆಗಳ ತದ್ರೂಪು ಮಾಡಿಸಿ 1962ರಲ್ಲಿ ಮತ್ತೆ ಶುರುಮಾಡಿದರು. 1972ರಲ್ಲಿ ಬಾರ್ಲಿ ಮೊಳಕೆ ಕಟ್ಟುವುದೂ ಅಲ್ಲಿ ನಿಂತಿತು. ಮೊಳಕೆ ಬಾರ್ಲಿ ಈಗ ಮುಖ್ಯಭೂಮಿಯ ಗ್ಲೆನ್ ಆರ್ಡ್‌ನಿಂದ ಬರುತ್ತದೆ. ಒಡೆಯ ಡಿಯಾಜಿಯೊ. (ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕೂಡ ಅದರ ಹತೋಟಿಯಲ್ಲೇ ಇದೆ.) ಬದಲಾವಣೆ ತಪ್ಪಲ್ಲ. ಆದರೆ ಹಂಡೆಯ ಸೊಟ್ಟ ಕೊಳವೆಯನ್ನೂ ಬಿಡದೆ ನಕಲು ಮಾಡಿಸುವಷ್ಟು ನೆನಪು ಇರುವ ಕಡೆ ಕುರಿಯ ಕಥೆಗೆ ಮಾತ್ರ ಮರೆವು ಬರುವುದು ಹೇಗೆ?

ಇಂದಿನ ಕಂಪನಿ ಯಾರನ್ನೂ ಎಬ್ಬಿಸಿಲ್ಲ, ದ್ವೀಪದವರಿಗೆ ಕೆಲಸ ಕೊಟ್ಟಿದೆ ಎಂದು ಸ್ನೇಹಿತರು ವಾದಿಸುತ್ತಾರೆ. ನಿಜ. ಹಾಗಾದರೆ 1830 ಕೂಡ ಇಂದಿನ ಕಂಪನಿಯದಲ್ಲ. ಅದನ್ನು ಅಚ್ಚು ಹಾಕಿಸುವುದಾದರೆ ಅದರ ಸಾಲವನ್ನೂ ಖಾತೆಗೆ ಹಚ್ಚಿಕೊಳ್ಳಬೇಕು. ವಿಸ್ಕಿ ಎಂಬ ಪದವೇ ಗೇಲಿಕ್‌ನ 'ಉಶ್ಕೆ ಬೆಹ', ಅಂದರೆ ಜೀವಜಲ, ಎಂಬುದರಿಂದ ಬಂದದ್ದು. ಪದ ಲೋಕವನ್ನೆಲ್ಲ ಸುತ್ತಿತು. ಭಾಷೆಯನ್ನು 1872ರ ಶಿಕ್ಷಣ ಕಾಯ್ದೆ ಶಾಲೆಯ ಹೊರಗೇ ನಿಲ್ಲಿಸಿತು. 2011ರ ಜನಗಣತಿಯ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಅದನ್ನು ಆಡುವವರು ಸುಮಾರು 57 ಸಾವಿರ.

ಪ್ರಚಾರ ಪುಸ್ತಿಕೆ ಬಿಟ್ಟು ಬೇರೆ ಆಧಾರ ಬೇಕೆನ್ನುವವರಿಗೆ 1883ರ ನೇಪಿಯರ್ ಆಯೋಗದ ದಾಖಲೆಗಳಿವೆ. ಆಯೋಗ ಇದೇ ದ್ವೀಪದ ಬ್ರೇಸ್‌ನಲ್ಲಿ ಕುಳಿತು ಒಕ್ಕಲುಗಳ ಅಹವಾಲು ಕೇಳಿತು. ಗೇಲಿಕ್‌ನಲ್ಲಿ ಹೇಳಿದ್ದನ್ನು ದುಭಾಷಿಗಳು ಇಂಗ್ಲಿಷಿಗೆ ತಂದರು. ಅಲ್ಲಿ ಮೊದಲು ಎದ್ದು ನಿಂತ ರೈತ ಆ್ಯಂಗಸ್ ಸ್ಟುವರ್ಟ್. ಕಷ್ಟ ಹೇಳಿಕೊಳ್ಳುವುದಕ್ಕೆ ಮುಂಚೆ ಆತ ಒಂದು ಭರವಸೆ ಕೇಳಿದ: ಇಲ್ಲಿ ಬಾಯಿ ಬಿಟ್ಟದ್ದಕ್ಕೆ ನನ್ನನ್ನು ಒಕ್ಕಲೆಬ್ಬಿಸಬಾರದು.